ಗೊರಕೆ ನಿಂತ ಹೊತ್ತು

ಜನವರಿ 11

ಅಣ್ಣ,

ಮೊದಲು ಬೈಗುಳ, ಆಮೇಲೆ ಕ್ಷೇಮ ಸಮಾಚಾರ. ಹೋದ ಭಾನುವಾರ ಮಧ್ಯಾಹ್ನ ಫೋನಿನಲ್ಲಿ ನಾನು ಅಮ್ಮನ ಮೊಣಕಾಲಿನ ಕಥೆ ಹೇಳುತ್ತಿದ್ದೆ. ನೀನು ಹೂಂ ಹೂಂ ಅನ್ನುತ್ತಿದ್ದೆ. ಮೊಣಕಾಲಿನಿಂದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹೂಂ ಉದ್ದವಾಯಿತು, ಔಷಧಿ ಅಂಗಡಿಗೆ ಬರುವಷ್ಟರಲ್ಲಿ ಅದು ಗೊರಕೆಯೇ ಆಯಿತು. ಕಥೆ ಕೇಳುವವನು ಹೂಂಗುಡುವುದನ್ನು ನಿಲ್ಲಿಸಿದರೆ ಹೇಳುವವನು ಎದ್ದು ಹೋಗಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಎದ್ದು ಹೋಗಲಿಲ್ಲ. ಫೋನನ್ನು ಅಮ್ಮನ ಕಿವಿಗೆ ಹಿಡಿದೆ. ಅಮ್ಮ ಸ್ವಲ್ಪ ಹೊತ್ತು ಕೇಳಿ, "ಥೇಟ್ ನಿಮ್ಮಪ್ಪಂದೇ" ಎಂದು ನಕ್ಕು ಕಣ್ಣೊರೆಸಿಕೊಂಡಳು.

ಇದು ಮೂರನೇ ಸಲ. ಹಾಗಾಗಿ ಇನ್ನು ಮೇಲೆ ಫೋನಿಲ್ಲ, ಕಾಗದ. ಫೋನ್ ಹಿಡಿದು ಯಾರು ಬೇಕಾದರೂ ನಿದ್ದೆ ಹೋಗಬಹುದು. ಪೆನ್ನು ಹಿಡಿದು ನಿದ್ದೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ. ತಿಂಗಳಿಗೊಂದು ಕಾಗದ, ಎರಡೂ ಬದಿ ತುಂಬಿರಬೇಕು. ಅಮ್ಮನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ನಾನು ಓದಿ ಹೇಳುತ್ತೇನೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ಅಂಗಡಿಗೆ ಇನ್ನೊಂದು ಹೊಲಿಗೆ ಯಂತ್ರ ಬಂದಿದೆ. ಶಾಲೆಗಳ ಸಮವಸ್ತ್ರ ಮುಗಿದು ಈಗ ಆಸ್ಪತ್ರೆಯವರ ಕೆಲಸ ಹಿಡಿದಿದ್ದೇನೆ, ಹಾಸಿಗೆ ಚಾದರ, ದಿಂಬಿನ ಚೀಲ. ನೇರ ಹೊಲಿಗೆ, ತಲೆ ಓಡಿಸುವುದೇನಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನಿನಗೆ ಚಿಂತೆ ಇಲ್ಲ ಎಂದು ಅಮ್ಮನಿಗೆ ಸಮಾಧಾನ. ನನಗೆ ಮಾತ್ರ ಹೊಟ್ಟೆಕಿಚ್ಚು.

ನಿನ್ನ ಸೂಜಿ


ಜನವರಿ 24

ಸೂಜಿ,

ನಿನ್ನ ಬೈಗುಳ ತಲುಪಿತು, ಚುಚ್ಚಬೇಕಾದಲ್ಲೇ ಚುಚ್ಚಿತು. ಇಗೋ, ಪೆನ್ನು ಹಿಡಿದಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬಂದರಿನ ನಾಲ್ಕನೇ ಕ್ರೇನು. ನೂರ ಹನ್ನೆರಡು ಮೆಟ್ಟಿಲ ಏಣಿ, ಮೇಲೆ ಕಪಾಟಿನಷ್ಟು ದೊಡ್ಡ ಗಾಜಿನ ಕೋಣೆ, ಅದರೊಳಗೆ ನಾನು. ಅಲ್ಲಿಂದ ನೋಡಿದರೆ ಮೇಸ್ತ್ರಿಯೂ ಒಂದೇ, ಕೂಲಿಯೂ ಒಂದೇ, ಎಲ್ಲರೂ ಇರುವೆ. ಕೆಳಗೆ ನಿಂತು ನನಗೆ ಸನ್ನೆ ಕೊಡುವವನು ಸೀಟಿ. ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗಿರಬೇಕು. ಬಾಯಲ್ಲಿ ಯಾವಾಗಲೂ ಸೀಟಿ. ಕೊಕ್ಕೆ ಎತ್ತು, ಇಳಿಸು, ನಿಲ್ಲಿಸು, ಇಷ್ಟಕ್ಕೆ ಊದಿದರೆ ಸಾಕು. ಈಚೆಗೆ ಸುಮ್ಮಸುಮ್ಮನೆ ಊದುತ್ತಾನೆ. ವಯಸ್ಸಾಯಿತು, ಅರಳುಮರಳು ಎಂದು ನಾನು ರೇಗಿಸುತ್ತೇನೆ. ಅವನು ನಗುತ್ತಾನೆ, ಮತ್ತೆ ಊದುತ್ತಾನೆ.

ಕ್ವಾರ್ಟರ್ಸ್‌ನಲ್ಲಿ ನನಗೀಗ ಒಂಟಿ ಕೋಣೆ, ಅಧಿಕಾರಿಗಳ ಹಾಗೆ. ಹೇಗೆ ಸಿಕ್ಕಿತು ಅಂದರೆ, ಕೋಣೆಯ ಜೊತೆಗಾರರು ಒಬ್ಬೊಬ್ಬರಾಗಿ ನಾಲ್ಕು ಜನ ಹಾಸಿಗೆ ಸುತ್ತಿಕೊಂಡು ಹೋದರು. ಕೊನೆಯವನು ಹೋಗುವಾಗ ಕೈಮುಗಿದು, "ನಿನ್ನ ಗೊರಕೆ ತಡ್ಕೊಬಹುದು ಮಾರಾಯ, ನಡುನಡುವೆ ನಿಲ್ಲುತ್ತಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ" ಅಂದ. ಎಂಥ ವಿಚಿತ್ರ ಜನ ನೋಡು.

ಒಂದೇ ತೊಂದರೆ. ಒಂಬತ್ತು ಗಂಟೆ ಮಲಗಿದರೂ ಏಳುವಾಗ ಯಾರೋ ಬಡಿದು ಹಾಕಿದ ಹಾಗೆ ಇರುತ್ತದೆ. ಬಾಯಿ ಮರದ ಹೊಟ್ಟು ತುಂಬಿದಂತೆ ಒಣಗಿರುತ್ತದೆ, ತಲೆ ಸಿಡಿಯುತ್ತದೆ. ಕಾಂಪೌಂಡರ್ ನಿದ್ದೆ ಸಾಲುತ್ತಿಲ್ಲ ಎಂದು ಗುಳಿಗೆ ಕೊಟ್ಟಿದ್ದಾನೆ. ದಿನಾ ಒಂದು ನುಂಗುತ್ತೇನೆ.

ನಿನ್ನೆ ಒಂದು ದೊಡ್ಡ ಹಡಗು ಬಂತು. ಅದರ ತುಂಬ ಕಾಗದದ ಸುರುಳಿ. ಒಂದೊಂದು ಸುರುಳಿ ನಮ್ಮ ಮನೆ ಬಾಗಿಲಿನಷ್ಟು ಎತ್ತರ. ನಿನ್ನೆ ಒಂದು ದೊಡ್ಡ ಹಡಗು ಬಂತು. ಅದರ ತುಂಬ ಕಾಗದದ ಬಾಗಿಲು ತೆಗಿ ಅಂತ ಯಾರೋ

ಇಲ್ಲಿಗೆ ಸಾಕು ಸೂಜಿ, ಕೈ ನೋಯುತ್ತಿದೆ. ಅಮ್ಮನಿಗೆ ನಮಸ್ಕಾರ.

ಅಣ್ಣ


ಫೆಬ್ರವರಿ 3

ಅಣ್ಣ,

ನಿನ್ನ ಕಾಗದ ಬಂತು. ಮೊದಲ ಪುಟ ಓದಿ ಅಮ್ಮನೂ ನಾನೂ ನಕ್ಕೆವು. ಎರಡನೆಯ ಪುಟವನ್ನು ನಾನು ಅಮ್ಮನಿಗೆ ಓದಲಿಲ್ಲ. ಅಲ್ಲಿಂದಾಚೆಗೆ ನಾನೇ ನಾಲ್ಕು ಸಾಲು ಕಟ್ಟಿ ಹೇಳಿದೆ.

ನಾನು ಬಟ್ಟೆಯ ಮೇಲೆ ಗೆರೆ ಎಳೆದು ಬದುಕುವವಳು. ಗೆರೆ ಎಲ್ಲಿ ಸೊಟ್ಟಗಾಯಿತು ಎಂದು ಕತ್ತಲಲ್ಲೂ ಹೇಳಬಲ್ಲೆ. ನಿನ್ನ ಸಾಲು ಅರ್ಧ ಪುಟದಿಂದ ಇಳಿಜಾರು ಹಿಡಿದು ಕಾಗದದ ಅಂಚು ದಾಟಿ ಹೋಗಿದೆ. ಹೇಳಿದ ಮಾತನ್ನೇ ಹೇಳಿದ್ದೀಯ. ಯಾರೋ ಬಾಗಿಲು ತೆಗಿ ಅನ್ನುತ್ತಾರಂತೆ. ಬೆಳಗ್ಗೆ ತಲೆನೋವು, ಬಾಯಿ ಒಣಗುವುದು. ಜೊತೆಗಾರರು ಓಡಿಹೋಗುವುದು. ಇವೆಲ್ಲ ಏನೆಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಪಕ್ಕದ ಬೀದಿಯ ಬಡಗಿ ಕುಡಿದು ಕುಡಿದು ಹೀಗೆಯೇ ಆಗಿದ್ದ.

ನೂರ ಹನ್ನೆರಡು ಮೆಟ್ಟಿಲು ಹತ್ತುವವನು ನೀನು. ಯಾವಾಗಿನಿಂದ ಕುಡಿಯುತ್ತಿದ್ದೀಯ? ಕೇಳಲು ನನಗೆ ನಾಚಿಕೆ, ಹೇಳಲು ನಿನಗೆ ನಾಚಿಕೆ ಬೇಡ.

ತಂಗಿ


ಮಾರ್ಚ್ 19

ತಂಗಿಗೆ,

ನಾನು ಕುಡಿಯುವುದಿಲ್ಲ. ಎಂದೂ ಕುಡಿದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಫೆಬ್ರವರಿ ಕೊನೆಯಲ್ಲಿ ಕೆಲಸದ ಜಾಗದಲ್ಲಿ ಒಂದು ಸಣ್ಣ ಅವಘಡ ಆಯಿತು. ಬ್ರೇಕು ಜಾರಿತು. ಸೀಟಿಯ ಎಡಗೈಗೆ ಪೆಟ್ಟಾಗಿದೆ. ನನಗೇನೂ ಆಗಿಲ್ಲ. ವಿಚಾರಣೆ ಮುಗಿಯುವವರೆಗೆ ನನ್ನನ್ನು ಕೆಳಗೆ ಕೂರಿಸಿದ್ದಾರೆ. ಅಮ್ಮನಿಗೆ ಇದನ್ನು ಹೇಳುವುದು ಬೇಡ.

ನೀನೂ ಸ್ವಲ್ಪ ದಿನ ಬರೆಯದಿದ್ದರೆ ಒಳ್ಳೆಯದು.


ಏಪ್ರಿಲ್ 6

ಅಣ್ಣ,

ಬರೆಯಬೇಡ ಎಂದಿದ್ದೀಯ, ಆದರೂ ಬರೆಯುತ್ತಿದ್ದೇನೆ. ಮೊದಲು ನನ್ನ ತಪ್ಪು. ನೀನು ಕುಡಿಯುತ್ತೀಯ ಎಂದ ನನ್ನ ಬಾಯಿಗೆ ಸೂಜಿ ಚುಚ್ಚಿ ಹೊಲಿಯಬೇಕು. ಕ್ಷಮಿಸು. ಈಗ ನಿಧಾನವಾಗಿ ಓದು. ಕುಳಿತು ಓದಬೇಡ, ನಿದ್ದೆ ಬಂದೀತು. ನಿಂತು ಓದು.

ಆಸ್ಪತ್ರೆಯವರು ಹೋದ ವಾರ ಒಂದು ಹೊಸ ಕೆಲಸ ಕೊಟ್ಟರು. ಮೂಗಿನ ಮೇಲೆ ಕಟ್ಟುವ ಮುಖವಾಡದಂಥದ್ದು, ಅದಕ್ಕೆ ತಲೆಯ ಸುತ್ತ ಬರುವ ಪಟ್ಟಿ. ಪಟ್ಟಿ ಒರಟಾಗಿ ಕೆನ್ನೆ ಉಜ್ಜುತ್ತದಂತೆ, ಒಳಗೆ ಮೆತ್ತನೆ ಬಟ್ಟೆಯ ಅಸ್ತರು ಕೊಡಬೇಕು. ಅಳತೆ ತೆಗೆಯಲು ನಾನೇ ಹೋದೆ. ಮೂರನೇ ಮಹಡಿಯಲ್ಲಿ ಅದಕ್ಕೊಂದು ವಿಭಾಗವೇ ಇದೆ. ನಿದ್ದೆಯ ರೋಗಗಳ ವಿಭಾಗ. ನಿದ್ದೆಗೂ ರೋಗವೇ ಎಂದು ನನಗೆ ನಗು ಬಂತು.

ವಿಭಾಗದ ಹೊರಗಿನ ಬೆಂಚಿನ ಮೇಲೆ ಕುಳಿತವರನ್ನು ನೋಡಿದ ಮೇಲೆ ನಗು ನಿಂತಿತು. ಒಬ್ಬಳು ಶಾಲಾ ಟೀಚರ್. ಜೋರಾಗಿ ನಕ್ಕರೆ ಅವಳ ಮೊಣಕಾಲು ಕುಸಿಯುತ್ತದೆ, ಪಾಠದ ನಡುವೆಯೇ ತಡೆಯಲಾಗದ ನಿದ್ದೆ ಬಂದು ಬೀಳುತ್ತದೆ. ಹದಿನೆಂಟು ವರ್ಷ ಎಲ್ಲರೂ ಅವಳನ್ನು ಸೋಮಾರಿ ಎಂದರಂತೆ. ಇನ್ನೊಬ್ಬ ಮುದುಕ, ಕನಸಿನಲ್ಲಿ ಯಾರಿಗೋ ಗುದ್ದಲು ಹೋಗಿ ಹೆಂಡತಿಯ ಹಲ್ಲು ಮುರಿದಿದ್ದಾನೆ. ಹೆಂಡತಿ ಪಕ್ಕದಲ್ಲೇ ಕೂತು ತುಟಿ ಮುಚ್ಚಿಕೊಂಡು, "ಇವ್ರು ಎಚ್ಚರ ಇದ್ದಾಗ ಒಂದು ಸೊಳ್ಳೆ ಹೊಡೆಯೋರಲ್ಲ" ಅಂದಳು. ಮತ್ತೊಬ್ಬಳಿಗೆ ಮಲಗಿದರೆ ಕಾಲಲ್ಲಿ ಇರುವೆ ಹರಿದಂತಾಗಿ ಎದ್ದು ನಡೆಯದೆ ಗತಿಯಿಲ್ಲ. ನಾವೆಲ್ಲ ಕಣ್ಣು ಮುಚ್ಚಿದರೆ ಮುಗಿಯಿತು ಅಂದುಕೊಂಡಿದ್ದೇವಲ್ಲ, ಅಲ್ಲಿಂದಲೇ ಇವರ ಪಾಡು ಶುರು.

ಆದರೆ ನನ್ನ ಮುಖವಾಡದ ಪಟ್ಟಿ ಯಾರದು ಗೊತ್ತೇ? ಗೊರಕೆಯವರದು.

ಅಲ್ಲಿನ ಟೆಕ್ನಿಷಿಯನ್ ನನ್ನನ್ನು ಟೈಲರಕ್ಕ ಅನ್ನುತ್ತಾಳೆ. ಒಬ್ಬ ರೋಗಿಯ ಗ್ರಾಫನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು. ಮೇಲಿನ ಗೆರೆ ಉಸಿರು. ಏಳುತ್ತ ಬೀಳುತ್ತ ಹೋಗಿ, ಒಂದು ಕಡೆ ನೇರವಾಗಿಬಿಟ್ಟಿದೆ, ನನ್ನ ಚಾದರದ ಹೊಲಿಗೆಯ ಹಾಗೆ. ಮತ್ತೆ ಒಮ್ಮೆಲೇ ಜಿಗಿದಿದೆ. ಮತ್ತೆ ನೇರ. ಇಲ್ಲಿ ಇವರು ಒಳ್ಳೆ ನಿದ್ದೆಯಲ್ಲಿದ್ದಾರೆ ಅಲ್ವಾ, ಗೊರಕೆ ನಿಂತಿದೆ ಎಂದು ನೇರ ಗೆರೆಯ ಮೇಲೆ ಬೆರಳಿಟ್ಟೆ. ಮನೆಯಲ್ಲಿ ಹಾಗೇ ಅಲ್ಲವೇ ನಾವು ಕಲಿತದ್ದು.

ಅವಳು ತಲೆಯೆತ್ತಿ ನೋಡಿದಳು. "ಅಲ್ಲ ಟೈಲರಕ್ಕ. ಇಲ್ಲಿ ಉಸಿರು ನಿಂತಿದೆ."

ಗಂಟಲು ಒಳಗೆ ಮುಚ್ಚಿಕೊಳ್ಳುತ್ತದಂತೆ, ಕೋಟಿನ ತೋಳಿನೊಳಗೆ ಅಸ್ತರು ಅಂಟಿಕೊಂಡು ಕೈ ತೂರದ ಹಾಗೆ. ಎದೆ ಎಳೆಯುತ್ತದೆ, ಗಾಳಿ ಹೋಗುವುದಿಲ್ಲ. ಇಪ್ಪತ್ತು ಎಣಿಸುವಷ್ಟು, ಮೂವತ್ತು, ಕೆಲವರಿಗೆ ಒಂದು ನಿಮಿಷ. ಆಮೇಲೆ ಮೆದುಳು ಗಾಬರಿಯಾಗಿ ಮೈಯನ್ನು ಒದ್ದು ಎಬ್ಬಿಸುತ್ತದೆ, ಒಂದು ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮಲಗಿದವನಿಗೆ ಎದ್ದದ್ದೇ ಗೊತ್ತಿರುವುದಿಲ್ಲ. ಆ ಗ್ರಾಫಿನವನಿಗೆ ಗಂಟೆಗೆ ನಲವತ್ತು ಸಲ. ಒಂಬತ್ತು ಗಂಟೆ ಮಲಗಿದರೂ ಅವನು ನಿದ್ದೆಯನ್ನೇ ಮಾಡಿಲ್ಲ. ಗೊರಕೆ ಹೊಡೆಯುವವರೆಲ್ಲ ಹೀಗಲ್ಲವಂತೆ. ಆದರೆ ಗೊರಕೆ ನಡುನಡುವೆ ನಿಂತು, ಬೆಳಗ್ಗೆ ಬಾಯಿ ಒಣಗಿ, ತಲೆ ಸಿಡಿದು, ಹಗಲು ಕೂತಲ್ಲಿ ತೂಕಡಿಸಿದರೆ ತಡಮಾಡಬಾರದಂತೆ. ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯ ಸವೆಯುತ್ತದೆ, ಪಾರ್ಶ್ವವಾಯು ಬಡಿಯಬಹುದು. ಬಸ್ಸು, ಯಂತ್ರ ನಡೆಸುವವರು ಎರಡು ಕ್ಷಣ ನಿದ್ದೆ ಹೋದರೂ ಸಾಕು, ಮುಂದಿನದು ಕೇಳುವುದೇ ಬೇಡ. ನಿದ್ದೆ ಗುಳಿಗೆ ಇಂಥವರಿಗೆ ಅಪಾಯ, ಡಾಕ್ಟರ ಮಾತಿಲ್ಲದೆ ಮುಟ್ಟಲೇಬಾರದು ಅಂದಳು.

ಮೊದಲು ನಿನ್ನ ಕಾಗದ ನೆನಪಾಯಿತು. ಆಮೇಲೆ ಅಪ್ಪ.

ಭಾನುವಾರದ ಮಧ್ಯಾಹ್ನಗಳು ನಿನಗೆ ನೆನಪಿವೆಯೇ? ವಾರವಿಡೀ ಬೆಸುಗೆ ಕೆಲಸ ಮಾಡಿ ದಣಿದ ಅಪ್ಪ ಊಟ ಮುಗಿಸಿ ಅಂಗಾತ ಮಲಗಿದರೆ ಕಿಟಕಿ ಗಾಜು ನಡುಗುತ್ತಿತ್ತು. ಗೊರಕೆ ನಿಂತ ತಕ್ಷಣ ಅಮ್ಮ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಈಗ ನಿದ್ದೆ ಹತ್ತಿತು, ಸದ್ದು ಮಾಡಬೇಡಿ. ನಾವಿಬ್ಬರೂ ಬಾಗಿಲ ಬಳಿ ನಿಂತು ಉಸಿರು ಹಿಡಿಯುತ್ತಿದ್ದೆವು. ಅಪ್ಪನ ಗೊರಕೆ ಮತ್ತೆ ಶುರುವಾಗುವವರೆಗೆ ಯಾರು ಹಿಡಿದಿರುತ್ತಾರೋ ಅವರು ಗೆದ್ದಂತೆ. ನಾನು ಇಪ್ಪತ್ತಕ್ಕೆ ಬಿಡುತ್ತಿದ್ದೆ. ನೀನು ಮುಖ ಕೆಂಪಾಗಿ ನಲವತ್ತರವರೆಗೆ. ಅಪ್ಪನನ್ನು ಸೋಲಿಸಿದ್ದು ಅಪರೂಪ.

ಅಣ್ಣ, ನಾವು ಯಾವುದನ್ನು ಆಟ ಮಾಡಿಕೊಂಡಿದ್ದೆವು?

ಅಪ್ಪ ಸತ್ತಾಗ ನಲವತ್ತೊಂಬತ್ತು. ನಿನಗೀಗ ನಲವತ್ತೇಳು. ಗುಳಿಗೆಗಳನ್ನು ಎಸೆ. ಪರೀಕ್ಷೆ ಮಾಡಿಸುವವರೆಗೆ ಕ್ರೇನು ಹತ್ತಬೇಡ.

ಸೂಜಿ


ಏಪ್ರಿಲ್ 15

ಸೂಜಿ,

ಗುಳಿಗೆ ಎಸೆದಿದ್ದೇನೆ. ನಿನ್ನ ಸಮಾಧಾನಕ್ಕೆ ಅಷ್ಟು ಸಾಕು.

ಅಪ್ಪನದು ಪುಣ್ಯದ ಸಾವು. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ, ನಿದ್ದೆಯಲ್ಲೇ ಹೋದರು. ಬಂದವರೆಲ್ಲ ಅದನ್ನೇ ಹೇಳಿದರು. ಮೂವತ್ತನಾಲ್ಕು ವರ್ಷ ನಾವು ಆ ಮಾತಿನ ಮೇಲೆ ಬದುಕಿದ್ದೇವೆ. ಯಾವಳೋ ಒಬ್ಬಳು ಗೆರೆ ತೋರಿಸಿದಳು ಎಂದು ಅದನ್ನು ಕಿತ್ತು ನೋಡಬೇಡ. ಅಮ್ಮನ ಮುಂದಂತೂ ಬಾಯಿಬಿಡಬೇಡ.

ಇಲ್ಲಿ ಬ್ರೇಕನ್ನು ಪರೀಕ್ಷೆ ಮಾಡಿದರು, ಏನೂ ದೋಷವಿಲ್ಲವಂತೆ. ಸೀಟಿಯ ಸನ್ನೆ ತಪ್ಪಿರಬೇಕು ಎಂದು ಮಾತು ನಡೆದಿದೆ. ಮೇ ಒಂದರಿಂದ ನಾನು ಮತ್ತೆ ಮೇಲೆ ಹತ್ತಬಹುದು ಎಂದಿದ್ದಾರೆ. ಹತ್ತುತ್ತೇನೆ.

ಅಣ್ಣ


ಏಪ್ರಿಲ್ 20

ಅಣ್ಣ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಕ್ರೇನಿನವನಿಗೆ ಎತ್ತರದ ಸೊಕ್ಕು, ಕೆಳಗೆ ಕೂರಲು ಅವಮಾನ ಅಂದುಕೊಂಡೆ. ನಾಲ್ಕನೇ ಸಲ ಓದುವಾಗ ಬೇರೆ ಏನೋ ಕಂಡಿತು. ಅದು ಸೊಕ್ಕಲ್ಲ, ಹೆದರಿಕೆ. ಯಾವುದರ ಹೆದರಿಕೆ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ.

ಅಮ್ಮನಿಗೆ ನಾನು ಏನೂ ಹೇಳಿಲ್ಲ. ಕೇಳಿದ್ದು ಒಂದೇ, ಅಪ್ಪನ ಪಕ್ಕ ಹೇಗೆ ಮಲಗುತ್ತಿದ್ದೆ ಎಂದು. ಬಟ್ಟೆಯ ಗುಂಡಿ ಬಿಚ್ಚುತ್ತ ಕುಳಿತಿದ್ದವಳು ತಲೆಯೆತ್ತದೆ ಹೇಳಿದಳು: "ಮೊಣಕೈಯಲ್ಲಿ ತಿವೀತಿದ್ದೆ. ಗೊರಕೆ ತುಂಬ ಹೊತ್ತು ನಿಂತ್ರೆ ಒಂದು ತಿವಿತ. ಹೊರಳ್ತಿದ್ರು, ಮತ್ತೆ ಶುರು. ಎಲ್ಲ ಹೆಂಡತೀರೂ ಹಂಗೇ ಅಲ್ವಾ?" ಹಗಲು ಮಕ್ಕಳಿಗೆ ಸದ್ದು ಮಾಡಬೇಡಿ ಅನ್ನುತ್ತಿದ್ದವಳು ಇರುಳೆಲ್ಲ ತಿವಿಯುತ್ತಿದ್ದಳು. ತನ್ನ ಕೈಗೆ ಗೊತ್ತಿದ್ದದ್ದು ಅವಳ ತಲೆಗೆ ಗೊತ್ತಿರಲಿಲ್ಲ. ಹದಿನೈದು ವರ್ಷ, ಅಣ್ಣ. ಬಲ ಮೊಣಕೈ ಈಗಲೂ ಕರಿಗಟ್ಟಿದೆ.

ನಿನ್ನ ಪಕ್ಕದಲ್ಲಿ ತಿವಿಯುವವರು ಯಾರಿದ್ದಾರೆ?

ಇನ್ನೊಂದು ಮಾತು. ಬ್ರೇಕು ಸರಿಯಿದೆ ಎಂದು ನೀನೇ ಬರೆದಿದ್ದೀಯ. ಸೀಟಿ ಇಪ್ಪತ್ತಾರು ವರ್ಷದಿಂದ ಸನ್ನೆ ಕೊಡುತ್ತಿರುವವನು ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ. ಹಾಗಾದರೆ ಅಂದು ಜಾರಿದ್ದು ಯಾವುದು? ಸುಳ್ಳು ಬರೆಯುವುದಾದರೆ ಬರೆಯಲೇಬೇಡ.

ಸೂಜಿ


ಏಪ್ರಿಲ್ 28

ಸೂಜಿ,

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ, ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು. ಹಗಲು ಹನ್ನೊಂದು ಗಂಟೆ. ಆದರೂ ಎರಡು ಸಲ ಪೆನ್ನು ಜಾರಿತು.

ಜಾರಿದ್ದು ನಾನು. ಊಟ ಮುಗಿಸಿ ಮೇಲೆ ಹತ್ತಿದ್ದೆ. ಗಾಜಿನ ಕೋಣೆ ಬಿಸಿಲಿಗೆ ಬೆಚ್ಚಗಿತ್ತು. ಕೊಕ್ಕೆಯಲ್ಲಿ ಕಾಗದದ ಸುರುಳಿ. ಲಾರಿಯ ಮೇಲೆ ತಂದು ನಿಲ್ಲಿಸಿದ್ದು ನೆನಪಿದೆ. ಆಮೇಲಿನದು ಕಿರುಚಾಟ. ನಡುವೆ ಏನೂ ಇಲ್ಲ. ಕಣ್ಣು ಮುಚ್ಚಿದ್ದೂ ನೆನಪಿಲ್ಲ, ಕನಸೂ ಇಲ್ಲ, ಕತ್ತರಿಸಿ ತೆಗೆದಂತೆ. ನನ್ನ ಕೈ ಸನ್ನೆಕೋಲಿನ ಮೇಲೆ ಭಾರವಾಗಿ ಬಿದ್ದಿತ್ತು. ಸುರುಳಿ ಮತ್ತು ಲಾರಿಯ ಹಲಗೆಯ ನಡುವೆ ಸೀಟಿಯ ಕೈ. ಮೂರು ಬೆರಳು ಹೋದವು. ಬ್ರೇಕು ಎಂದು ನಾನೇ ಬರೆದುಕೊಟ್ಟೆ.

ನಿನ್ನ ಕಾಗದ ಬಂದ ದಿನ ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ನಾನು ನಿದ್ದೆ ಹೋಗಿದ್ದೆ ಎಂದೆ. ಅವನು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಗೊತ್ತು, ಕೂತ್ಕೋ ಎಂದ. ನನಗೆ ಅರ್ಥವಾಗಲಿಲ್ಲ.

"ಎರಡು ವರ್ಷದಿಂದ ನಿನ್ನ ಎಬ್ಬಿಸ್ಕೊಂಡೇ ಬಂದಿದೀನಿ ಕಣೋ. ಕೊಕ್ಕೆ ಒಂದು ಗೇಣು ತಡವಾದ್ರೆ ನನಗೆ ಗೊತ್ತಾಗ್ತಿತ್ತು, ಮೇಲೆ ನೀನಿಲ್ಲ ಅಂತ. ಊದ್ತಿದ್ದೆ, ನೀನು ಬರ್ತಿದ್ದೆ. ಆವತ್ತು ಸೀನು ಬಂತು. ಸೀಟಿ ಬಾಯಿಂದ ಬಿತ್ತು."

ಅರಳುಮರಳು ಎಂದು ನಾನು ನಗುತ್ತಿದ್ದೆನಲ್ಲ, ಸೂಜಿ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಿನ್ನನ್ನು ಕೆಳಗಿಳಿಸುತ್ತಿದ್ದರು, ಜೊತೆಗಾರನಿಗೆ ಅಷ್ಟೂ ಮಾಡಬಾರದೇ ಎಂದ. ಬೆರಳು ಕಳೆದುಕೊಂಡವನು ಅವನು, ಸಮಾಧಾನ ಹೇಳಿದವನೂ ಅವನೇ. ವಿಚಾರಣೆಯಲ್ಲಿ ತಪ್ಪು ತನ್ನದೇ ಎಂದು ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದಾನೆ.

ಈಗ ನೀನು ಕೇಳಿದ ಹೆದರಿಕೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಆ ಭಾನುವಾರ ಅಮ್ಮ ಮನೆಯಲ್ಲಿರಲಿಲ್ಲ. ಗೊರಕೆ ನಿಂತಿತು, ನಾವು ಉಸಿರು ಹಿಡಿದೆವು. ನೀನು ಇಪ್ಪತ್ತೆರಡಕ್ಕೆ ಬಿಟ್ಟು ಹೊರಗೆ ಓಡಿದೆ. ನಾನು ಅರವತ್ತೊಂದರವರೆಗೆ ಹಿಡಿದೆ, ಅಷ್ಟು ಹಿಂದೆಂದೂ ಹಿಡಿದಿರಲಿಲ್ಲ. ಬಿಟ್ಟ ಮೇಲೂ ಅಪ್ಪ ಶುರು ಮಾಡಲಿಲ್ಲ. ನಾನು ಸುಮ್ಮನೆ ಎಣಿಸುತ್ತಾ ನಿಂತೆ. ನೂರು. ನೂರೈವತ್ತು. ಮುಟ್ಟಿ ಎಬ್ಬಿಸೋಣ ಅನ್ನಿಸಿತು. ಕೈ ಚಾಚಿಯೂ ಇದ್ದೆ. ಎಬ್ಬಿಸಿದರೆ ಬೈಯುತ್ತಾರೆ, ಒಳ್ಳೆ ನಿದ್ದೆ ಹತ್ತಿದೆ ಎಂದು ಕೈ ಹಿಂದೆ ತೆಗೆದುಕೊಂಡೆ. ಹೊರಗೆ ಬಂದು ನಿನಗೆ, "ಇವತ್ತು ಅಪ್ಪನೇ ಗೆದ್ದ, ಬಾ ಆಡೋಣ" ಎಂದೆ. ನಿನಗದು ನೆನಪಿಲ್ಲ. ಒಂಬತ್ತು ವರ್ಷ ನಿನಗೆ.

ಪುಣ್ಯದ ಸಾವು ಎಂದು ಜನ ಹೇಳಿದಾಗ ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅದು ಕಾಯಿಲೆ ಎಂದಾದರೆ, ನನಗೂ ಅದೇ ಇದೆ ಎಂದು ಒಪ್ಪಿದರೆ, ಎಬ್ಬಿಸಬಹುದಿತ್ತು ಎಂದಾಯಿತಲ್ಲ.

ಮೂರು ದಿನಕ್ಕೆ ಮೇ ಒಂದು. ಏನು ಮಾಡಲಿ ಹೇಳು.

ಅಣ್ಣ


ಮೇ 2

ಅಣ್ಣ,

ನಿನ್ನ ಕಾಗದ ಇಂದು ಬೆಳಗ್ಗೆ ಬಂತು, ಒಂದನೇ ತಾರೀಕು ದಾಟಿದೆ. ಫೋನಿಲ್ಲ ಎಂಬ ನೇಮ ಮುರಿದು ನಿನಗೆ ಆರು ಸಲ ಕರೆ ಮಾಡಿದೆ. ಎತ್ತಲಿಲ್ಲ. ಮೇಲಿದ್ದೀಯೋ ಎಂದು ಜೀವ ಬಾಯಿಗೆ ಬಂದಿದೆ. ನಿನ್ನ ಮೇಸ್ತ್ರಿಗೂ ಮಾಡಿದೆ. ನೀನು ಹುಷಾರಿಲ್ಲ ಎಂದು ರಜೆ ಹಾಕಿದ್ದೀಯ ಎಂದರು. ಬದುಕಿದೆ. ಈ ಕಾಗದವನ್ನು ಇಂದಿನ ಅಂಚೆಗೇ ಹಾಕುತ್ತೇನೆ.

ನಿನ್ನ ಕಾಗದವನ್ನು ಅಮ್ಮನಿಗೆ ಓದುವಾಗ ಸೀಟಿಯವರೆಗೆ ಓದಿ ನಿಲ್ಲಿಸಿದೆ. ಅಮ್ಮ ನನ್ನ ಕೈಯಲ್ಲಿದ್ದ ಹಾಳೆಗಳನ್ನು ಮುಟ್ಟಿ ನೋಡಿ, ಇನ್ನೊಂದು ಇದೆಯಲ್ಲ ಅಂದಳು. ಸುಳ್ಳು ಕಟ್ಟಲು ನೋಡಿದೆ, ಬಾಯಿ ಬರಲಿಲ್ಲ. ಓದಿದೆ. ಅಮ್ಮ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ:

"ನಾನು ಅವತ್ತು ನಾಲ್ಕು ಗಂಟೆಗೆ ಬಂದೆ. ಅವರ ಪಕ್ಕದಲ್ಲೇ ಕೂತು ಬಟ್ಟೆ ಮಡಚಿದೆ, ಒಂದು ಬುಟ್ಟಿ ಪೂರ್ತಿ. ಗೊರಕೆ ಇಲ್ಲ, ಇವತ್ತಾದ್ರೂ ಒಳ್ಳೆ ನಿದ್ದೆ ಬಂತಲ್ಲ ಅಂತ ಖುಷಿಪಟ್ಟೆ. ನನಗೇ ತಿಳೀಲಿಲ್ಲ. ಹದಿಮೂರು ವರ್ಷದ ಮಗೂಗೆ ತಿಳೀಬೇಕಿತ್ತಾ? ಅವನಿಗೆ ಹೇಳು."

ಹೇಳಿದ್ದೇನೆ. ಮೂವತ್ತನಾಲ್ಕು ವರ್ಷ ಇದನ್ನು ಅವಳೂ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಒಂದೇ ಮನೆಯ ಇಬ್ಬರು, ಒಬ್ಬರಿಗೊಬ್ಬರು ಗೊತ್ತಾಗದಂತೆ.

ಆಸ್ಪತ್ರೆಯ ಡಾಕ್ಟರನ್ನೂ ಕೇಳಿದೆ. ಗಂಟಲು ಮುಚ್ಚಿದರೆ ಮೈ ಸಾಮಾನ್ಯವಾಗಿ ತಾನೇ ಎಚ್ಚರಗೊಳ್ಳುತ್ತದೆ, ಹಾಗೆ ವರ್ಷಗಟ್ಟಲೆ ಹೊಡೆತ ತಿಂದ ಹೃದಯ ಒಂದು ದಿನ ನಿಂತಿರಬಹುದು, ಅಲುಗಾಡಿಸಿದ್ದರೆ ಏಳುತ್ತಿದ್ದರು ಎಂದು ಯಾರೂ ಹೇಳಲಾರರು ಎಂದರು. ಏಳುತ್ತಿರಲಿಲ್ಲ ಎಂದೂ ಹೇಳಲಾರರು. ನಿನಗೆ ಅರ್ಧ ಸತ್ಯ ಬರೆಯುವುದು ನನಗೆ ಬೇಡ. ಆದರೆ ನಿನ್ನ ಗಂಟಲನ್ನು ಈಗ ನೋಡಬಹುದು, ಅದು ಪೂರ್ತಿ ಸತ್ಯ ಎಂದರು.

ಮೊದಲು ಪರೀಕ್ಷೆ ಮಾಡಿಸು. ವಿಚಾರಣೆಯಲ್ಲಿ ಬಾಯಿಬಿಡು, ಸೀಟಿ ಬಾಯಿಬಿಡುವ ಮುಂಚೆ.

ಸೂಜಿ


ಜೂನ್ 9

ಸೂಜಿ,

ಅಮ್ಮನ ಮಾತು ತಲುಪಿತು. ಅದರ ಬಗ್ಗೆ ಬರೆಯಲು ನನಗೆ ಇನ್ನೂ ಬರುವುದಿಲ್ಲ. ಬಂದು ಪಕ್ಕದಲ್ಲಿ ಕೂರುತ್ತೇನೆ.

ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಮಲಗಿಸಿದರು. ಗಂಟೆಗೆ ಐವತ್ತೆರಡು ಸಲ ಉಸಿರು ನಿಲ್ಲುತ್ತದಂತೆ. ರಕ್ತದೊತ್ತಡವೂ ಇದೆ, ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಕಾಗದವನ್ನು ನನ್ನ ಕಡೆ ತಿರುಗಿಸಿ, ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದರು. ಒಬ್ಬ ಊದುತ್ತಿದ್ದ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಈಗ ನನಗೂ ಮುಖವಾಡ. ಒಂದು ಸಣ್ಣ ಯಂತ್ರ ಕೊಳವೆಯಲ್ಲಿ ಗಾಳಿ ತಳ್ಳಿ ಗಂಟಲನ್ನು ತೆರೆದಿಡುತ್ತದೆ. ಕ್ವಾರ್ಟರ್ಸ್‌ನವರು ಸೊಂಡಿಲಪ್ಪ ಎಂದು ಹೆಸರಿಟ್ಟಿದ್ದಾರೆ. ಮೊದಲ ವಾರ ಕಿತ್ತೆಸೆಯುವಷ್ಟು ಸಿಟ್ಟು ಬರುತ್ತಿತ್ತು. ಎಂಟನೇ ದಿನ ಬೆಳಗ್ಗೆ ಕಣ್ಣು ಬಿಟ್ಟೆ, ಏನೋ ಕಳೆದುಹೋದ ಹಾಗಿತ್ತು. ಹಾಸಿಗೆಯ ಮೇಲೆ ಕೂತು ಹುಡುಕಿದೆ. ತಲೆನೋವು ಇರಲಿಲ್ಲ. ಜನ ದಿನಾ ಹೀಗೆ ಏಳುತ್ತಾರೆಯೇ, ಸೂಜಿ? ಎಲ್ಲರೂ? ನನಗೆ ಯಾರೂ ಹೇಳಿರಲಿಲ್ಲ.

ನಿನ್ನೆ ಮಧ್ಯಾಹ್ನ ವಿಚಾರಣೆ. ತನಿಖಾಧಿಕಾರಿ ಬೇರೆ ಊರಿನಿಂದ ಬಂದಿದ್ದರು. ದಪ್ಪ ಕುತ್ತಿಗೆ, ಕೆಂಪು ಕಣ್ಣು, ಮಾತಿನ ನಡುವೆ ಆಕಳಿಕೆ. ಸೀಟಿಯನ್ನು ಮೊದಲು ಕರೆದರು. ನಾನು ಅವನ ಮುಂದೆ ನಡೆದು ಹೋಗಿ, ಅವನದೇನೂ ತಪ್ಪಿಲ್ಲ, ಬ್ರೇಕಿನದೂ ಅಲ್ಲ, ನಾನು ಬರೆದುಕೊಟ್ಟದ್ದು ಸುಳ್ಳು ಎಂದೆ. ಆಸ್ಪತ್ರೆಯ ಕಾಗದ ಮುಂದಿಟ್ಟೆ. ಸೀಟಿ ಹಿಂದಿನಿಂದ ನನ್ನ ಅಂಗಿ ಎಳೆದ. ನಾನು ನಿಲ್ಲಿಸಲಿಲ್ಲ. ಗೊರಕೆ, ಒಣಗಿದ ಬಾಯಿ, ಗಾಜಿನ ಕೋಣೆಯ ಬಿಸಿಲು, ಎಲ್ಲ ಹೇಳಿದೆ. ಅಪ್ಪನದನ್ನೂ ಹೇಳಿದೆ.

ಅವರು ಎಲ್ಲವನ್ನೂ ಬರೆದುಕೊಂಡರು. ಸೀಟಿಯ ಹೆಸರನ್ನು ಕೈಬಿಡುವುದಾಗಿ ಹೇಳಿದರು. ನಾನು ಇನ್ನು ಡಾಕ್ಟರು ಬರೆದುಕೊಡುವವರೆಗೆ ಕ್ರೇನು ಹತ್ತುವ ಹಾಗಿಲ್ಲ, ಹಗ್ಗದ ಗೋದಾಮಿನಲ್ಲಿ ಕೆಲಸ. ಸುಳ್ಳು ಹೇಳಿದ್ದಕ್ಕೆ ಬೇರೆ ಶಿಕ್ಷೆ ಬರುತ್ತದೆ. ಬರಲಿ.

ಆಮೇಲೆ ಎಲ್ಲರನ್ನೂ ಆಚೆ ಕಳಿಸಿ ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. ಪೊಲೀಸರನ್ನು ಕರೆಸುತ್ತಾರೆ ಎಂದುಕೊಂಡೆ. ಅವರು ಎದ್ದು ಬಾಗಿಲು ಮುಚ್ಚಿದರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

"ನನ್ನ ಹೆಂಡತಿ ಎರಡು ವರ್ಷದಿಂದ ಬೇರೆ ರೂಮಲ್ಲಿ ಮಲಗ್ತಾಳೆ" ಎಂದರು. ದನಿ ಅಧಿಕಾರಿಯದಾಗಿರಲಿಲ್ಲ.

ಅವರೇ ಮುಂದುವರಿಸಿದರು.

"ಇವತ್ತು ಬೆಳಗ್ಗೆ ಬರುವಾಗ ಸೇತುವೆ ದಾಟಿದ್ದು ನನಗೆ ನೆನಪಿಲ್ಲ. ಸೇತುವೆಗೆ ಮುಂಚೆ ಇದ್ದೆ, ಆಮೇಲೆ ಈಚೆ ಇದ್ದೆ. ಮೂರು ಗಂಟೆ ದಾರಿ. ಹಿಂದಿನ ಸೀಟಲ್ಲಿ ಮಗಳಿದ್ದಳು, ಇಲ್ಲಿ ಕಾಲೇಜಲ್ಲಿ ಪ್ರವೇಶ ಪರೀಕ್ಷೆಗೆ ಬಿಟ್ಟು ಬಂದೆ. ಸಂಜೆ ಕರ್ಕೊಂಡು ಹೋಗಬೇಕು."

ಸರ್, ನೀವು ಓಡಿಸಬೇಡಿ ಎಂದೆ. ಕೂಲಿಯವನು ಅಧಿಕಾರಿಗೆ ಹಾಗೆ ಹೇಳಬಾರದು. ಆದರೂ ಹೇಳಿದೆ.

ಅವರು ನನ್ನ ಗ್ರಾಫನ್ನು, ಆ ನೇರ ಗೆರೆಗಳನ್ನು, ಇನ್ನೊಮ್ಮೆ ನೋಡಿದರು. ಮುಖದ ಬಣ್ಣ ಇಳಿದಿತ್ತು. ಜೇಬಿಗೆ ಕೈಹಾಕಿ ಕಾರಿನ ಕೀಲಿ ತೆಗೆದು, ಅದು ಸುಡುತ್ತಿದೆಯೇನೋ ಎಂಬಂತೆ ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

ಅಣ್ಣ